ಎಳೆಯ ಮಡಿಕೆ ಪರ್ವತ

"ಹಿಮಾಲಯವು ಎಳೆಯ ಮಡಿಕೆ ಪರ್ವತವಾಗಿದೆ." ಹೈಸ್ಕೂಲಿನಲ್ಲಿ ಸಮಾಜ ಪರೀಕ್ಷೆಗೆಂದು ಈ ವಾಕ್ಯವನ್ನು ಬಾಯಿಪಾಠ ಮಾಡಿದ್ದೆ. ಅರ್ಥ ಮಾತ್ರ ನನಗೆ ತೋಚಿದಂತೆ ಮಾಡಿಕೊಂಡಿದ್ದೆ. ನಮ್ಮ ಕಡೆ ಮಡಿಕೆ ಅಂದರೆ ಕುಂಬಾರರ ಮಡಿಕೆ. ನೀರು ತುಂಬಿಡುವುದು, ಕಾಳು ತುಂಬಿಡುವುದು. ಸೀರೆಯ ಮಡಿಕೆಯ ಹಾಗೆ ನೆಲ ಮಡಚಿಕೊಂಡು ಎದ್ದು ನಿಂತಿದೆ ಎಂದು ಮೇಷ್ಟ್ರು ಹೇಳಿದ್ದರೋ ಇಲ್ಲವೋ, ನನ್ನ ತಲೆಗಂತೂ ಹೋಗಿರಲಿಲ್ಲ. ಹಸಿ ಮಣ್ಣಿನ ದೊಡ್ಡದೊಂದು ಮಡಿಕೆಯನ್ನು ಬೋರಲು ಹಾಕಿದ್ದಾರೆ, ಇನ್ನೂ ಸುಟ್ಟಿಲ್ಲ, ಅದಕ್ಕೇ ಎಳೆಯದು ಅನ್ನುತ್ತಾರೆ ಅಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಪಾಸಾದೆ, ಅಲ್ಲಿಗೆ ಹಿಮಾಲಯದ ಸಹವಾಸ ಮುಗಿಯಿತು. ಎಷ್ಟೋ ವರ್ಷದ ಮೇಲೆ ಆ ಪರ್ವತದ ಬುಡದಲ್ಲಿ ಗಡಗಡ ನಡುಗುತ್ತಾ ನಿಂತಾಗ, ನಾನು ಮಾಡಿಕೊಂಡಿದ್ದ ಅರ್ಥವೇ ಸರಿ ಅನ್ನಿಸಿಬಿಟ್ಟಿತು.

ಬೆಟ್ಟಗುಡ್ಡ ಕಾಣದವಳೇನಲ್ಲ ನಾನು. ಹುಟ್ಟಿದ್ದು ಕಂದಿಕೆರೆ ಕಡೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮ ಗುಡ್ಡಗಳು ಕುರುಚಲು ಗಿಡ ಹೊದ್ದುಕೊಂಡು, ಅಲ್ಲಲ್ಲಿ ಕೆಂಪು ಮಣ್ಣು ತೋರಿಸಿಕೊಂಡು, ನಮ್ಮಜ್ಜಿ ನೋಡಿದಾಗ ಎಲ್ಲಿದ್ದವೋ ಈಗಲೂ ಅಲ್ಲೇ ಇವೆ. ಅವುಗಳ ಮೇಲೆ ಕುರಿ ಮೇಯುತ್ತವೆ, ಮೇಕೆ ಹತ್ತುತ್ತವೆ, ಸೌದೆಗೆ ಹೋದವರು ಮಧ್ಯಾಹ್ನದ ಹೊತ್ತು ಬಂಡೆಗೆ ಒರಗಿ ನಿದ್ದೆ ತೆಗೆಯುತ್ತಾರೆ. ಏನು ಹೇಳಿದರೂ ಕೂತಲ್ಲಿಂದ ಏಳದ ಗಂಡಸನ್ನು ನಮ್ಮಮ್ಮ "ಒಳ್ಳೆ ಗುಡ್ಡ ಕುಂತಂಗೆ ಕುಂತವ್ನೆ ನೋಡು" ಎಂದು ಬೈಯುತ್ತಿದ್ದಳು. ಗುಡ್ಡ ಅಂದರೆ ಕದಲದೇ ಇರುವಂಥದ್ದು. ಇದರಲ್ಲಿ ಅನುಮಾನ ಪಡಬೇಕು ಅಂತ ಯಾರಿಗಾದರೂ ಅನ್ನಿಸೀತೆ?

ಮದುವೆಯಾಗಿ ಬಂದದ್ದು ತುರುವೇಕೆರೆ ಹತ್ತಿರದ ತೆಂಗಿನ ತೋಟದ ಮನೆಗೆ. ಆ ಮನೆಯಲ್ಲಿ ನನ್ನನ್ನು ಮೊದಲು ಹೆದರಿಸಿದ್ದು ಅಟ್ಟ. ನಮ್ಮ ಸೀಮೆಯ ಕೊಬ್ಬರಿ ಬಿಸಿಲಿಗೆ ಹಾಕಿದರೆ ಆಗುವಂಥದ್ದಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತಿರಹತ್ತಿರ ವರ್ಷದವರೆಗೆ ಅದರ ಪಾಡಿಗೆ ಬಿಡಬೇಕು. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಕಾಯಿ ಒಣಗುತ್ತಾ ಬಂದಹಾಗೆ ರಾಶಿ ಸಡಿಲವಾಗುತ್ತದೆ. ಆಗ ಒಂದು ಇಲಿ ಓಡಿದರೂ ಸಾಕು, ಮೇಲಿನ ಕಾಯಿ ಜಾರಿ ದಡದಡ ಉರುಳಿ ಗೋಡೆಗೆ ಬಡಿದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಇನ್ನೊಂದು. ಹೊಸ ಸೊಸೆ ನಾನು, ಕಳ್ಳರು ಬಂದರೆಂದು ಎದ್ದು ಕೂರುತ್ತಿದ್ದೆ. ಅತ್ತೆಗೆ ಅದೇ ಸುಖ. ಮಧ್ಯಾಹ್ನ ಉಂಡು ಅಟ್ಟದ ಕೆಳಗೇ ಚಾಪೆ ಹಾಸಿಕೊಂಡು, "ಮ್ಯಾಲೆ ಕಾಯಿ ಉರುಳೋ ಸದ್ದು ಕೇಳ್ದಿದ್ರೆ ನಂಗೆ ಕಣ್ಣೇ ಹತ್ತಲ್ಲ ಕಣೇ" ಅನ್ನುತ್ತಿದ್ದರು. ಅಂದು ಮುಗಿಸುವುದರೊಳಗೆ ಗೊರಕೆ.

ಅದೇ ಅತ್ತೆ, ಅಟ್ಟದ ತೊಲೆ ಲಟಕ್ ಅಂದರೆ ಸಾಕು, ಸೀರೆ ಎತ್ತಿಕಟ್ಟಿ ಅಂಗಳಕ್ಕೆ ಓಡುತ್ತಿದ್ದರು. ಅವರು ಚಿಕ್ಕವರಿದ್ದಾಗ ತವರಿನ ಪಕ್ಕದ ಮನೆಯಲ್ಲಿ ಕಾಯಿಯ ಭಾರಕ್ಕೆ ಅಟ್ಟ ಕುಸಿದು, ಕೆಳಗೆ ಮಲಗಿದ್ದವರು ಮತ್ತೆ ಏಳಲಿಲ್ಲವಂತೆ. "ಅಟ್ಟ ಕುಸೀತೈತೆ ಅಂದ್ರೆ ಹಿಂದೆಮುಂದೆ ನೋಡ್ಬಾರ್ದು, ಓಡ್ಬೇಕು" ಎಂದು ನನಗೂ ನೂರು ಸಲ ಹೇಳಿದ್ದರು.

ಮಾವ ತೀರಿಕೊಂಡ ಮೇಲೆ ಅತ್ತೆ ಮೆತ್ತಗಾದರು. ಜಗಳವನ್ನೇ ಬಿಟ್ಟುಬಿಟ್ಟರು, ಅದು ನನಗೆ ಭಯ ತಂದಿತು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಎದ್ದುಹೋಗುವವರು. ವರ್ಷ ತುಂಬಿದ ಮೇಲೆ ಒಂದು ದಿನ, ಬದರಿ ನೋಡಬೇಕು ಅಂದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಡುಗೆಯವರನ್ನೂ ಪಾತ್ರೆಪಗಡವನ್ನೂ ಹೇರಿಕೊಂಡು ನಮ್ಮ ಕಡೆಯಿಂದ ಉತ್ತರಕ್ಕೆ ಯಾತ್ರೆ ಬಸ್ಸುಗಳು ಹೋಗುತ್ತಿದ್ದವು. ಮನೆಯಲ್ಲಿ ಕಾಯಿ ಸುಲಿಸುವ ಕೆಲಸ ಮೈಮೇಲೆ ಬಂದಿದ್ದರಿಂದ ನಮ್ಮನೆಯವರು ಹೊರಡುವ ಹಾಗಿರಲಿಲ್ಲ. ನಾನೇ ಹೊರಟೆ.

ತಿಪಟೂರಿನಲ್ಲಿ ಬಸ್ಸು ಹತ್ತುವಾಗ ಅತ್ತೆ ಸೊಂಟದ ಬೀಗದ ಕೈ ಗೊಂಚಲನ್ನು ಬಿಚ್ಚಿ ಮಗನ ಕೈಗೆ ಕೊಟ್ಟರು. ಸ್ನಾನಕ್ಕೆ ಹೋಗುವಾಗಲೂ ಬಿಚ್ಚದವರು! ಯಾರೋ "ಹುಷಾರಾಗಿ ಹೋಗ್ಬುಟ್ಟು ಬನ್ನಿ" ಅಂದದ್ದಕ್ಕೆ "ಅಲ್ಲಿಗೆ ಹೋದೋರು ಬರ್ಲೇಬೇಕು ಅಂತೇನೈತೆ ಬುಡಿ" ಎಂದು ನಕ್ಕರು. ನನಗೆ ರೇಗಿತು. "ಹೊರಡೋ ಹೊತ್ನಲ್ಲಿ ಎಂಥಾ ಮಾತು ಅಂತ ಆಡ್ತೀರ ಅತ್ತೆ" ಎಂದು ಎಲ್ಲರೆದುರೇ ಗದರಿದೆ. ನಮ್ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು, "ಅವ್ವನ್ನ ಹುಷಾರಾಗಿ ಕರ್ಕಂಡ್ ಬಾ. ಇನ್ನೇನೂ ತರ್ಬೇಡ" ಅಂದರು. ಅವರ ಕಣ್ಣು ನೋಡಿ ನನಗೆ ಅಳು ಬಂತು. ಅಳಬಾರದೆಂದು, "ನೋಡ್ತಿರಿ, ನಿಮ್ಮವ್ವನೇ ನನ್ನ ಕರ್ಕಂಡ್ ಬತ್ತಾರೆ" ಎಂದು ತಮಾಷೆ ಮಾಡಿದೆ.

ಹೃಷಿಕೇಶದವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಅಲ್ಲಿ ನಮ್ಮ ದೊಡ್ಡ ಬಸ್ಸನ್ನು ಬಿಟ್ಟು ಬೆಟ್ಟದ ಚಿಕ್ಕ ಬಸ್ಸುಗಳಿಗೆ ಹತ್ತಿಸಿದರು. ನನ್ನ ಹೆದರಿಕೆ ಅಲ್ಲಿಂದ ಶುರು. ಒಂದು ಪಕ್ಕ ಗೋಡೆ ಹಾಗೆ ಎದ್ದ ಬೆಟ್ಟ, ಇನ್ನೊಂದು ಪಕ್ಕ ಏನೂ ಇಲ್ಲ. ಏನೂ ಇಲ್ಲ ಅಂದರೆ ನಿಜವಾಗಿಯೂ ಏನೂ ಇಲ್ಲ. ಕಿಟಕಿಯಿಂದ ಬಗ್ಗಿದರೆ ರಸ್ತೆಯ ಅಂಚು ಕಾಣದೆ ನೇರ ನದಿಯೇ ಕಾಣುತ್ತಿತ್ತು. ಪಾಪಿ, ನನಗೇ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ದೇವಪ್ರಯಾಗದಲ್ಲಿ ಬಸ್ಸು ನಿಲ್ಲಿಸಿ ಎರಡು ನದಿ ಕೂಡುವುದನ್ನು ತೋರಿಸಿದರು. ಒಂದರದು ಹಸಿರು ನೀರು, ಇನ್ನೊಂದರದು ಮಣ್ಣು ನೀರು. ಕೂಡಿದ ಮೇಲೂ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಹರಿಯುತ್ತಿದ್ದವು. ಎಲ್ಲರೂ ಕೈ ಮುಗಿದರು. ನಾನು ನೋಡಿದ್ದು ನದಿಯ ಬಂಡೆಗಳನ್ನು. ಎತ್ತಿನ ಗಾಡಿಯಷ್ಟು ದೊಡ್ಡವು, ಗುಂಡಗೆ ಸವೆದವು. ಇಂಥವನ್ನು ಉರುಳಿಸಿಕೊಂಡು ಬಂದ ನೀರಿಗೆ ನಾವು ಯಾವ ಲೆಕ್ಕ?

ಮುಂದೆ ಹೋದಂತೆ ಇನ್ನೊಂದು ಕಂಡಿತು. ನದಿ ಕೆಳಗೆ ಆಳದಲ್ಲಿತ್ತು, ಆದರೆ ನಮ್ಮ ತಲೆಯ ಮೇಲಿನ ದಿಬ್ಬದ ಮಣ್ಣಿನಲ್ಲೂ ಅಂಥವೇ ನುಣ್ಣನೆಯ ಗುಂಡು ಕಲ್ಲುಗಳು ಸಾಲುಸಾಲಾಗಿ ಸಿಕ್ಕಿಕೊಂಡಿದ್ದವು. ಅಂದರೆ ಒಂದು ಕಾಲಕ್ಕೆ ನದಿ ಅಷ್ಟು ಮೇಲೆ ಹರಿದಿತ್ತು. ನದಿ ಕೊರೆದು ಕೆಳಗಿಳಿಯಿತೋ, ನೆಲವೇ ಮೇಲೆದ್ದಿತೋ, ಯಾರಿಗೆ ಗೊತ್ತು. ಬಂಡೆಯ ಪದರಗಳು ಎಲ್ಲೂ ಸಮವಾಗಿರಲಿಲ್ಲ. ಓರೆಯಾಗಿ, ಕೆಲವು ಕಡೆ ನೆಟ್ಟಗೆ, ಒಂದು ಕಡೆ ಗುಡ್ಡೆ ಹಾಕಿದ ಸೀರೆಯ ಹಾಗೆ ಮಡಚಿಕೊಂಡು ನಿಂತಿದ್ದವು. ಓಹೋ, ಮೇಷ್ಟ್ರ ಮಡಿಕೆ ಇದು ಅಂತ ಆಗ ಹೊಳೆಯಿತು. ಬಸ್ಸು ನಿಂತಾಗ ಇಳಿದು ಬಂಡೆಗೆ ಕೈ ಹಚ್ಚಿದೆ. ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರಿತು. ನಮ್ಮೂರ ಬಂಡೆಗೆ ಸುತ್ತಿಗೆ ಹೊಡೆದರೆ ಕೈ ಝುಂ ಅನ್ನುತ್ತದೆ. ಇಲ್ಲಿ ಬೆರಳಿಗೆ ಬೆಟ್ಟ ಬಿಚ್ಚಿಕೊಳ್ಳುತ್ತಿತ್ತು. ಇದರ ಕೆಳಗೆ ಊರುಗಳು, ಮೆಟ್ಟಿಲುಮೆಟ್ಟಿಲಾಗಿ ಹೊಲಗಳು, ಸ್ಕೂಲಿಗೆ ಹೋಗುವ ಮಕ್ಕಳು. ಅಲ್ಲಲ್ಲಿ ಹಸಿರು ಬೆಟ್ಟದ ನೆತ್ತಿಯಿಂದ ನದಿಯವರೆಗೆ ಚರ್ಮ ಸುಲಿದ ಹಾಗೆ ಬೋಳು ಪಟ್ಟೆ. ಅವು ಏನೆಂದು ಕೇಳಿದ್ದಕ್ಕೆ, ನಮ್ಮ ಜೊತೆ ಬಂದಿದ್ದ ಅರಳಗುಪ್ಪೆ ಕಡೆಯ ಅಡುಗೆಯವರು, "ಅವೆಲ್ಲ ಜಾರಿರೋ ಜಾಗ ಕಣ್ರೀ, ನೋಡಕ್ಕೋಗ್ಬೇಡಿ" ಅಂದರು. ಯಾತ್ರೆ ಬಸ್ಸುಗಳಲ್ಲಿ ತಿರುಗಿ ತಿರುಗಿ ಅವರಿಗೆ ಹಿಂದಿ ಬರುತ್ತಿತ್ತು. ದಾರಿಯುದ್ದಕ್ಕೂ ಡ್ರೈವರ್ ಹೇಳಿದ್ದನ್ನೆಲ್ಲ ಅವರೇ ನಮಗೆ ಹೇಳುತ್ತಿದ್ದರು, ಹೆದರಿಸುವಂಥದ್ದನ್ನು ಬಿಟ್ಟು.

ಅತ್ತೆಗೆ ಮಾತ್ರ ಭಯವೇ ಇಲ್ಲ. ಎದುರಿಗೆ ಹಿಮದ ಶಿಖರ ಕಂಡಾಗ ಗಲ್ಲ ಗಲ್ಲ ಬಡಿದುಕೊಂಡು, "ನೋಡೇ, ಇಬೂತಿ ಹಚ್ಕಂಡಂಗೈತೆ" ಅಂದರು. ನಾನು ಕಣ್ಣು ಬಿಟ್ಟರೆ ತಾನೇ ನೋಡುವುದಕ್ಕೆ. ಸಮುದ್ರದಡಿಯಲ್ಲಿದ್ದ ನೆಲ ಎದ್ದು ಅಷ್ಟೆತ್ತರಕ್ಕೆ ಹೋಗಿದೆ, ಇನ್ನೂ ಎದ್ದೇಳುತ್ತಲೇ ಇದೆ ಅಂತ ಅದೇ ಸಮಾಜ ಪಾಠದಲ್ಲಿ ಓದಿದ್ದೆನಲ್ಲ, ಅದು ತಲೆಯೊಳಗೆ ಸುತ್ತುತ್ತಿತ್ತು. ಎದ್ದೇಳುವುದು ಕೊಡವಿಕೊಳ್ಳದೆ ಇರುತ್ತದೆಯೇ? ಅತ್ತೆಗೆ ಇದ್ದದ್ದು ಒಂದೇ ಕೊರತೆ, ನಿದ್ದೆ. ಮನೆ ಬಿಟ್ಟಾಗಿನಿಂದ ಸರಿಯಾಗಿ ಮಲಗಿರಲಿಲ್ಲ. ಕಣ್ಣು ಕೆಂಪಾಗಿ ಗುಳಿಬಿದ್ದಿದ್ದವು. ಇವರನ್ನು ಹೀಗೆ ಎಲ್ಲಿಯವರೆಗೆ ಎಳೆದುಕೊಂಡು ಹೋಗಲಿ, ಇಲ್ಲೇ ಏನಾದರೂ ಆದರೆ ಮಗನಿಗೆ ಯಾವ ಮುಖ ತೋರಿಸಲಿ ಎಂದು ನನಗೆ ಅದೊಂದೇ ಚಿಂತೆ.

ಬದರಿ ಇನ್ನು ಅರ್ಧ ದಿನದ ದಾರಿ ಅನ್ನುವಾಗ ಬಸ್ಸುಗಳು ಸಾಲಾಗಿ ನಿಂತವು. ಮುಂದೆ ರಸ್ತೆಗೆ ಕಲ್ಲು ಬಿದ್ದಿತ್ತಂತೆ, ತೆಗೆಯುತ್ತಿದ್ದರಂತೆ. ಹಿಂದಿನ ದಿನವೆಲ್ಲ ಮಳೆ ಹೊಡೆದು ಆಗ ಬಿಸಿಲು ಬಿದ್ದಿತ್ತು. ಅಡುಗೆಯವರು ರಸ್ತೆ ಪಕ್ಕದಲ್ಲೇ ಒಲೆ ಹೂಡಿ ಅನ್ನ ಸಾರು ಮಾಡಿ ಬಡಿಸಿದರು. ಅಲ್ಲೊಂದು ಟೀ ಅಂಗಡಿ, ಅದಕ್ಕೆ ಅಂಟಿಕೊಂಡ ತಗಡಿನ ಕೊಟ್ಟಿಗೆ. ಕೊಟ್ಟಿಗೆಗೆ ಹಿಂದಿನ ಗೋಡೆ ಅಂತ ಬೇರೆ ಕಟ್ಟಿರಲಿಲ್ಲ, ಬೆಟ್ಟವೇ ಗೋಡೆ. ಅಂಗಡಿಯ ಹೆಂಗಸು ಅತ್ತೆಯ ಮುಖ ನೋಡಿ ಅಯ್ಯೋ ಅನ್ನಿಸಿ, ಕೊಟ್ಟಿಗೆಯಲ್ಲಿ ಕಂಬಳಿ ಹಾಸಿಕೊಟ್ಟಳು. ಅತ್ತೆ ಕಾಲು ಚಾಚಿದರು. ನಾನು ಪಕ್ಕದಲ್ಲಿ ಕೂತೆ.

ಆಗ ಕೇಳಿಸಿತು. ಹಿಂದೆ, ಮೇಲೆ ಎಲ್ಲೋ, ದಡದಡ ಉರುಳಿ ತಗಡಿಗೆ ಬಡಿದು ನಿಂತ ಸದ್ದು. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಇನ್ನೊಂದು.

ಅತ್ತೆ ಕಣ್ಣು ಮುಚ್ಚಿಕೊಂಡೇ ನಕ್ಕರು. "ಕೇಳಿದ್ಯೇನೇ? ಅಟ್ಟದ ಮ್ಯಾಲೆ ಕಾಯಿ ಉರುಳ್ದಂಗೆ ಐತೆ."

ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು. ಹೃಷಿಕೇಶ ಬಿಟ್ಟ ಮೇಲೆ ಮೊದಲ ಸಲ ನನ್ನ ಎದೆ ಹಗುರಾಯಿತು. ಹೊರಗೆ ಬಿಸಿಲು, ಒಳಗೆ ತಂಪು, ತಲೆ ಮೇಲೆ ಮನೆಯ ಸದ್ದು. ಮೈ ಅಲ್ಲೇ ಸಡಿಲವಾಯಿತು. ಬೇರೆ ಸೀಮೆಯವರಾಗಿದ್ದರೆ ಆ ಸದ್ದಿಗೆ ಎದ್ದು ಓಡುತ್ತಿದ್ದರು. ನಾವಿಬ್ಬರೂ ತೆಂಗಿನ ಸೀಮೆಯವರು, ಅದನ್ನು ಕೇಳಿ ಆಕಳಿಸಿದೆವು. ಅತ್ತೆಗೆ ನಿದ್ದೆ ಹತ್ತಿತು ಅಂದುಕೊಂಡು, ಸೆರಗು ಸರಿಮಾಡಿ, ನಾನು ಚೊಂಬು ತೆಗೆದುಕೊಂಡು ನೀರಿಗೆಂದು ಹೊರಗೆ ಬಂದೆ.

ಪಕ್ಕದಲ್ಲಿ ಬೆಟ್ಟದಿಂದ ಬೀಳುತ್ತಿದ್ದ ನೀರಿಗೆ ಒಂದು ಬಿದಿರಿನ ದಬ್ಬೆ ಸಿಕ್ಕಿಸಿದ್ದರು. ಊಟಕ್ಕೆ ಮುಂಚೆ ಅಲ್ಲೇ ಕೈ ತೊಳೆದಿದ್ದೆ, ಕನ್ನಡಿಯಂಥ ನೀರು. ಈಗ ಚೊಂಬು ಹಿಡಿದರೆ ಕೆಂಪು ಗಂಜಿ ಬಿತ್ತು. ತಲೆ ಎತ್ತಿದೆ. ಮೇಲೆ ಇಳಿಜಾರಿನಲ್ಲಿ ಒಂದು ಮರ ಓರೆಯಾಗಿತ್ತು. ನೋಡುತ್ತಿದ್ದ ಹಾಗೇ ಇನ್ನಷ್ಟು ಓರೆಯಾಯಿತು. ಅದರ ಕೆಳಗಿನ ಕಲ್ಲುಗಳು ಒಂದರ ಹಿಂದೊಂದು ಪುಟಪುಟ ನೆಗೆದುಕೊಂಡು ಬರುತ್ತಿದ್ದವು. ರಾಶಿಯ ಬುಡದಿಂದ ಒಂದು ಕಾಯಿ ಎಳೆದರೆ ಮೇಲಿನದೆಲ್ಲ ಜಾರುತ್ತದಲ್ಲ, ಅದೇ ಥರ.

ಅಂಗಡಿಯ ಹೆಂಗಸು ಕಿರುಚಿದಳು: "ಪಹಾಡ್ ಆ ರಹಾ ಹೈ!"

"ಬೆಟ್ಟ ಬತ್ತೈತಂತೆ, ಓಡ್ರೋ!" ಎಂದು ಅಡುಗೆಯವರು ಸೌಟು ಬಿಸಾಡಿ ಕೂಗಿದರು. ನಮ್ಮ ಕನ್ನಡದಲ್ಲಿ ಊರು ಬರುತ್ತದೆ, ಸ್ಟಾಪು ಬರುತ್ತದೆ. ಬೆಟ್ಟ ಬರುವುದನ್ನು ಅವತ್ತಿನವರೆಗೆ ಕೇಳಿರಲಿಲ್ಲ. ನಮ್ಮ ಬಸ್ಸಿನವರಲ್ಲಿ ಕೆಲವರು "ಎಲ್ಲಿ ಬಂತು?" ಎಂದು ಹಿಮದ ಕಡೆ ತಿರುಗಿ ನೋಡಿದರು. ಡ್ರೈವರ್ ಹಾರನ್ ಒತ್ತಿಹಿಡಿದ. ಆಗ ಎಲ್ಲರೂ ದಿಕ್ಕಾಪಾಲಾದರು.

ನಾನು ಕೊಟ್ಟಿಗೆಯ ಬಾಗಿಲಿಗೆ ಓಡಿದೆ. "ಅತ್ತೆ, ಏಳಿ! ಬೆಟ್ಟ ಕುಸೀತೈತೆ!"

"ಉರುಳಿದ್ರೆ ಉರುಳ್ಲಿ ಬುಡು," ಅತ್ತೆ ಮಗ್ಗುಲು ಬದಲಾಯಿಸಿದರು. "ಇಲಿ ಇರ್ಬೇಕು."

ಒಳಗೆ ಹೋಗುವ ಧೈರ್ಯವಿಲ್ಲ, ಬಿಟ್ಟು ಓಡುವ ಧೈರ್ಯ ಮೊದಲೇ ಇಲ್ಲ. ತಗಡಿನ ಮೇಲೆ ಈಗ ಒಂದೊಂದಾಗಿ ಅಲ್ಲ, ಬೀಸಿ ಎರಚಿದ ಹಾಗೆ ಬೀಳುತ್ತಿತ್ತು. ಆಗ ಅದು ಹೇಗೆ ಹೊಳೆಯಿತೋ ಆ ದೇವರೇ ಬಲ್ಲ. "ಅತ್ತೇ! ಅಟ್ಟ ಕುಸೀತೈತೆ! ಅಟ್ಟ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಅವರು ಏಳಲಿಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡಿದರು, ಅಷ್ಟೇ.

ಭಯ ಮೀರಿದರೆ ನನಗೆ ಬರುವುದು ಸಿಟ್ಟು. ದಡದಡ ಒಳಗೆ ನುಗ್ಗಿ ರಟ್ಟೆ ಹಿಡಿದು ಎಳೆದೆ. ಕಬ್ಬಿಣದ ಹಾಗೆ ಭಾರವಾಗಿ ಮಲಗಿದ್ದರು ಮಹರಾಯ್ತಿ. "ಬರಲ್ವಾ? ಬರಲ್ವಾ ನೀನು?" ಏಕವಚನವೇ ಬಂತು ಬಾಯಿಗೆ. "ಸರಿ ಹಾಗಾದ್ರೆ. ನಾನೂ ಇಲ್ಲೇ ಸಾಯ್ತೀನಿ. ಇಬ್ರೂ ಒಟ್ಟಿಗೇ ಹೋಗಣ!" ಎಂದು ಅವರ ಕಂಬಳಿಯ ಮೇಲೆ ಧಪ್ಪನೆ ಕೂತುಬಿಟ್ಟೆ, ಗೋಳೋ ಅಂತ ಅಳುತ್ತಾ.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಅತ್ತೆ ಎದ್ದರು. ನನ್ನ ಜಡೆಗೆ ಕೈ ಹಾಕಿದರೋ ತೋಳಿಗೆ ಹಾಕಿದರೋ ಗೊತ್ತಾಗಲಿಲ್ಲ, ಬರಿಗಾಲಲ್ಲಿ ನನ್ನನ್ನು ಹೊರಗೆ ಎಳೆದುಕೊಂಡು ಓಡಿದರು. ಬೆನ್ನ ಹಿಂದೆ ಬಂದ ಸದ್ದನ್ನು ಏನೆಂದು ಹೇಳಲಿ. ಕಿವಿಗಿಂತ ಮೊದಲು ಅಂಗಾಲಿಗೆ ಬಂತು ಅದು. ಆಮೇಲೆ ಧೂಳು, ಪಕ್ಕದವರು ಕಾಣದಷ್ಟು ಧೂಳು. ಅದು ಇಳಿದ ಮೇಲೆ ನೋಡಿದರೆ ಕೊಟ್ಟಿಗೆ ಇಲ್ಲ, ಅಂಗಡಿ ಇಲ್ಲ, ರಸ್ತೆಯೇ ಇಲ್ಲ. ಹಸಿ ಮಣ್ಣು, ಬಂಡೆ, ಬುಡಮೇಲಾದ ಮರಗಳು ಮೇಲಿಂದ ಹಿಡಿದು ನದಿಯವರೆಗೆ. ನಾವು ದಾರಿಯಲ್ಲಿ ನೋಡಿದ್ದೆವಲ್ಲ, ಅಂಥದ್ದೇ ಇನ್ನೊಂದು ಬೋಳು ಪಟ್ಟೆ. ದೇವರು ದೊಡ್ಡವನು, ಜನ ಎಲ್ಲ ಉಳಿದರು. ಅಂಗಡಿಯ ಹೆಂಗಸು ರಸ್ತೆಯಲ್ಲಿ ಕೂತು ತಲೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು. ಅಡುಗೆಯವರು ಕೊಪ್ಪರಿಗೆ ಹೋಯ್ತಲ್ಲಪ್ಪ ಎಂದು ಗೊಣಗುತ್ತಾ, ತಾವೂ ನಡುಗುತ್ತಾ, ಅವಳಿಗೆ ನೀರು ಕುಡಿಸುತ್ತಿದ್ದರು.

ದಾರಿ ತೆರೆಯುವುದಕ್ಕೆ ವಾರಗಳೇ ಬೇಕು ಅಂದರು. ಬದರಿ ಕಾಣದೆಯೇ ತಿರುಗಿದೆವು. ಅತ್ತೆ ಅಳುತ್ತಾರೆ ಅಂದುಕೊಂಡಿದ್ದೆ, ಅಳಲಿಲ್ಲ. ದೇವರಿಗೆಂದು ನಮ್ಮ ತೋಟದಿಂದ ತಂದಿದ್ದ ತೆಂಗಿನಕಾಯನ್ನು ದೇವಪ್ರಯಾಗದಲ್ಲಿ ಇಳಿದು ನೀರಿಗೆ ಬಿಟ್ಟರು. ತುರುವೇಕೆರೆಗೆ ಬಂದ ದಿನವೇ ಬೀಗದ ಕೈ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ವಾರದೊಳಗೆ ನನ್ನ ಸಾರಿನಲ್ಲಿ ಉಪ್ಪು ಹೆಚ್ಚೆಂದು ಜಗಳವೂ ಶುರುವಾಯಿತು.

ಆಮೇಲಿನ ವರ್ಷಗಳಲ್ಲಿ ನಾನು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ನಾಲ್ಕು ಜನ ಸೇರಿದರೆ ಸಾಕು, ಅಟ್ಟದ ಸುಳ್ಳು ಹೇಳಿ ಅತ್ತೆಯನ್ನು ಹೇಗೆ ಓಡಿಸಿದೆ ಅನ್ನುವ ಕಥೆ. ಬೆಟ್ಟ ಬಂತು ಅಂದರೆ ಏಳದವರು ಅಟ್ಟ ಕುಸಿಯಿತು ಅಂದರೆ ಎದ್ದರು ನೋಡಿ ಎಂದು ಎಲ್ಲರನ್ನೂ ನಗಿಸುತ್ತಿದ್ದೆ. ನಾನು ಅವರ ಪಕ್ಕದಲ್ಲಿ ಕೂತು ಗೋಳೋ ಅಂತ ಅತ್ತದ್ದನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ಅತ್ತೆಯೂ ನಗುತ್ತಿದ್ದರು. ಕಥೆ ಹೇಳುವಾಗ ನಗು. ಮನೆಯಲ್ಲಿ ಅಟ್ಟದ ಕಾಯಿ ಉರುಳಿದರೆ ಮಾತ್ರ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಟ್ಟದ ಕೆಳಗಿನ ನಡುಮನೆಯಲ್ಲಿ ಮಲಗುವುದನ್ನೇ ಬಿಟ್ಟಿದ್ದೆ.

ಒಂದು ಮಧ್ಯಾಹ್ನ, ಬಂದ ನೆಂಟರಿಗೆಲ್ಲ ಅದೇ ಕಥೆ ಹೇಳಿ ಕಳಿಸಿದ್ದೆ. ಅತ್ತೆ ಅಟ್ಟದ ಕೆಳಗೆ ಮಲಗಿದ್ದರು, ನಾನು ಬಾಗಿಲ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮೇಲೆ ಒಂದು ಕಾಯಿ ಉರುಳಿತು. ನನ್ನ ಮೊರ ಮಗುಚಿಬಿತ್ತು.

"ಇನ್ನೂ ಹೆದ್ರತೀಯಲ್ಲೇ," ಅತ್ತೆ ನಕ್ಕರು.

"ನಿಮಗೆ ಅದ್ಹೆಂಗೆ ನಿದ್ದೆ ಬತ್ತದೋ ಅಲ್ಲಿ, ಅಷ್ಟೆಲ್ಲ ಆದ್ಮೇಲೂ," ಎಂದು ಕಾಳು ಆಯುತ್ತಾ ಅಂದೆ.

ಅತ್ತೆ ತೊಲೆ ನೋಡುತ್ತಾ ಅಂದರು, "ಅವತ್ತು ಮೊದ್ಲು ಕಾಯಿ ಅಂತ್ಲೇ ಅಂದ್ಕಂಡೆ ಕಣೇ. ಕಾಯಿ ಉರುಳಿದ್ರೆ ನಿಲ್ತೈತೆ. ಅದು ಆಮೇಲಾಮೇಲೆ ನಿಲ್ಲಲೇ ಇಲ್ಲ. ಅಟ್ಟ ಅಲ್ಲ ಅಂತ ನಂಗೆ ಗೊತ್ತಾಗೋಯ್ತು."

ನನ್ನ ಕೈ ನಿಂತಿತು. "ಯಾವಾಗ?"

"ನೀನು ಬಾಗ್ಲಲ್ಲಿ ನಿಂತು ಬಡ್ಕಳಕ್ಕೆ ಮುಂಚೆನೇ."

"ಮತ್ತೆ ಯಾಕೆ ಏಳ್ಲಿಲ್ಲ?"

"ಯಾಕೆ ಏಳ್ಬೇಕಿತ್ತು? ನಿಮ್ಮಾವ ಇರ್ಲಿಲ್ಲ. ಒಳ್ಳೆ ಜಾಗ, ಒಳ್ಳೆ ನಿದ್ದೆ ಬಂದಿತ್ತು. ಬರೋದು ಬರ್ಲಿ ಅಂತ ಮನಿಕ್ಕಂಡಿದ್ದೆ." ನೆರೆಮನೆಗೆ ಮಜ್ಜಿಗೆ ಕೊಟ್ಟು ಬಂದ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದರು.

"ಆಮೇಲೆ ಎದ್ರಲ್ಲ ಅತ್ತೆ?"

"ನೀನು ಬಂದು ಪಕ್ಕದಲ್ಲೇ ಕುಂತ್ಕಂಡ್ಯಲ್ಲೇ, ಮೂದೇವಿ."

ಅಷ್ಟು ಹೇಳಿ ಗೋಡೆ ಕಡೆ ಮಗ್ಗುಲಾದರು. ತಿಪಟೂರಿನಲ್ಲಿ ಬಸ್ಸು ಹತ್ತುವಾಗ, ಅತ್ತೆಯೇ ನನ್ನನ್ನು ಕರೆದುಕೊಂಡು ಬರುತ್ತಾರೆ ಎಂದು ತಮಾಷೆಗೆ ಆಡಿದ್ದ ಮಾತು ನೆನಪಾಯಿತು. ಸಂಜೆ ನಮ್ಮನೆಯವರು ತೋಟದಿಂದ ಬಂದಾಗ ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಅಟ್ಟದ ಕಥೆಯನ್ನು ಮತ್ತೆ ಯಾರ ಮುಂದೆಯೂ ಎತ್ತಿಲ್ಲ.

ಮಾರನೆಯ ದಿನ ಊಟವಾದ ಮೇಲೆ ನಾನೂ ಒಂದು ಚಾಪೆ ತಂದು ಅಟ್ಟದ ಕೆಳಗೆ ಅವರ ಪಕ್ಕದಲ್ಲೇ ಹಾಸಿದೆ. "ಇದೇನೇ ಹೊಸದು?" ಅಂದರು. "ಸೆಖೆ, ಒಳಗೆ ಮಲಗಕ್ಕಾಗಲ್ಲ" ಅಂದೆ. ಮೇಲೆ ಕಾಯಿ ಉರುಳಿತು. ಅದು ಗೋಡೆಗೆ ಬಡಿದು ನಿಲ್ಲುವವರೆಗೂ ಅವರ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಅತ್ತೆ ಆಗಲೇ ಗೊರಕೆ ಹೊಡೆಯುತ್ತಿದ್ದರು.